ಛೇದದಲ್ಲಿ ಕೂತ ವರ್ಗಮೂಲ: ಓದುಗರ ಪ್ರಶ್ನೆ, ಮೇಡಂ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಗಮೂಲದ ಮೇಲಿನ ದೂರುಗಳೇ. ಪರೀಕ್ಷೆ ಹತ್ತಿರ ಬಂತೆಂದು ಕ್ಯಾಲೆಂಡರ್ ನೋಡದೆಯೂ ಗೊತ್ತಾಗುತ್ತದೆ. ಶುರು ಮಾಡುವ ಮೊದಲು ಹೊಸ ಓದುಗರಿಗೆ ಒಂದು ಮಾತು: ಗೊತ್ತಿಲ್ಲದ ಸಂಖ್ಯೆಯನ್ನು ನಾನು ಕ್ಷ ಎಂದೇ ಬರೆಯುತ್ತೇನೆ, ಅದರ ಫಂಕ್ಷನ್ನನ್ನು ಫ(ಕ್ಷ) ಎಂದು. ನಾನು ಕಲಿತದ್ದು ಹಾಗೆ, ಇನ್ನು ಬದಲಾಗುವ ವಯಸ್ಸಲ್ಲ. ಫ(9) ಅಂದರೆ ಕ್ಷ ಇರುವ ಕಡೆಯಲ್ಲೆಲ್ಲ 9 ಇಟ್ಟು ಬೆಲೆ ಕಂಡುಹಿಡಿ ಎಂದರ್ಥ, ಅಷ್ಟೇ.

ಪ್ರಶ್ನೆ: ಮೇಡಂ, ಒಂದು ಲೆಕ್ಕಕ್ಕೆ ಉತ್ತರ 1/√2 ಅಂತ ಬರೆದೆ. ಸರ್ ಅರ್ಧ ಅಂಕ ಕತ್ತರಿಸಿ, ಪಕ್ಕದಲ್ಲಿ √2/2 ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಎರಡೂ 0.7071 ತಾನೇ? ಛೇದದಲ್ಲಿ ವರ್ಗಮೂಲ ಇದ್ದರೆ ಏನು ಪಾಪ?
— ಹತ್ತನೇ ತರಗತಿಯ ವಿದ್ಯಾರ್ಥಿನಿ

ಉತ್ತರ: ಪಾಪ ಏನೂ ಇಲ್ಲಮ್ಮ. ಪ್ರಶ್ನೆಯಲ್ಲಿ 'ಛೇದವನ್ನು ಅಕರಣೀಕರಿಸಿ' (ಛೇದದಲ್ಲಿ ಮೂಲ ಉಳಿಯದ ಹಾಗೆ ಬರೆಯಿರಿ) ಎಂದಿದ್ದರೆ ಅರ್ಧ ಅಂಕ ಹೋದದ್ದು ನ್ಯಾಯ. ಇಲ್ಲದಿದ್ದರೆ ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಎರಡೂ ಒಂದೇ ಸಂಖ್ಯೆ.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟು ಪೆನ್ಸಿಲ್ ತೆಗೆದುಕೋ. √2 ಅಂದರೆ 1.41421356. ಈಗ 1 ಅನ್ನು ಅದರಿಂದ ಭಾಗಿಸು. 10ರಲ್ಲಿ 1.41421356 ಏಳು ಸಲ ಹೋಗುತ್ತದೆ, 9.89949492. ಶೇಷ 0.10050508. ಸೊನ್ನೆ ಇಳಿಸಿದರೂ ಹೋಗುವುದಿಲ್ಲ, ಭಾಗಲಬ್ಧಕ್ಕೆ 0. ಇನ್ನೊಂದು ಸೊನ್ನೆ, ಮತ್ತೆ ಏಳು ಸಲ, ಶೇಷ 0.15101308. ಆಮೇಲೆ ಒಂದು ಸಲ. ಇಷ್ಟು ಹೊತ್ತಿಗೆ ಸಿಕ್ಕಿದ್ದು 0.7071, ಒಂಬತ್ತು ಅಂಕೆಯ ಸಂಖ್ಯೆಯನ್ನು ಗುಣಿಸಿ ಕಳೆದು ಕೈ ಸೋತಿರುತ್ತದೆ. ಈಗ √2/2 ಮಾಡು: 1.41421356ರ ಅರ್ಧ 0.70710678. ಉಸಿರು ಬಿಡುವಷ್ಟರಲ್ಲಿ ಮುಗಿಯಿತು.

ಇನ್ನೂ ಒಂದು ಸೂಕ್ಷ್ಮ ಇದೆ. ನಾಳೆ ಯಾರಾದರೂ ಬಂದು 'ಮೂರು ಅಂಕೆ ಹೆಚ್ಚು ಬೇಕು' ಅಂದರೆ, ಮೊದಲನೇ ದಾರಿಯಲ್ಲಿ ಭಾಜಕವೇ ಬದಲಾಗಿ 1.41421356237 ಆಗುತ್ತದೆ. ಹಳೇ ಭಾಗಾಕಾರವೆಲ್ಲ ಕಸದ ಬುಟ್ಟಿಗೆ. ಎರಡನೇ ದಾರಿಯಲ್ಲಿ ನಿಲ್ಲಿಸಿದ ಕಡೆಯಿಂದಲೇ ಅರ್ಧ ಮಾಡುತ್ತಾ ಹೋಗಬಹುದು. ಕೈಯಲ್ಲಿ ಲೆಕ್ಕ ಮಾಡುವವರ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಕೈಲೆಕ್ಕ ಹೋಯಿತು, ಕೆಂಪು ಶಾಯಿ ಉಳಿಯಿತು.

ಈಗಲೂ ಉಪಯೋಗ ಪೂರ್ತಿ ಹೋಗಿಲ್ಲ. ನಿನ್ನ ಉತ್ತರ 1/(√3 − √2), ಗೆಳತಿಯ ಉತ್ತರ √3 + √2 ಅಂತಿಟ್ಟುಕೋ. ಯಾರದು ಸರಿ? ಇಬ್ಬರದೂ. ಒಂದೇ ರೂಪಕ್ಕೆ ತಂದಾಗಲೇ ಅದು ಕಾಣುವುದು. ಅಂದಹಾಗೆ √3 + √2 ಅಂದರೆ 3.1463. ಪೈಗೆ ಪಕ್ಕದ ಮನೆ, ನೆಂಟಸ್ತಿಕೆ ಮಾತ್ರ ಏನೂ ಇಲ್ಲ.

ಪ್ರಶ್ನೆ: ಫ(ಕ್ಷ) = (ಕ್ಷ − 9)/(√ಕ್ಷ − 3) ಆದರೆ ಫ(9) ಎಷ್ಟು? ನನಗೆ 0/0 ಬಂತು. ಮೇಲೂ ಕೆಳಗೂ ಒಂದೇ ಇದೆಯಲ್ಲ ಅಂತ 1 ಎಂದು ಬರೆದೆ. ತಮ್ಮ 0 ಅಂತಾನೆ. ಪುಸ್ತಕದ ಹಿಂದೆ 6 ಅಂತಿದೆ.

ಉತ್ತರ: ಮೂವರದೂ ತಪ್ಪು, ಪುಸ್ತಕವೂ ಸೇರಿ. ಆದರೆ ಪುಸ್ತಕದ ತಪ್ಪು ಸ್ವಲ್ಪ ಗೌರವಸ್ಥ ತಪ್ಪು.

ಫ(9)ಕ್ಕೆ ಬೆಲೆಯೇ ಇಲ್ಲ. 0/0 ಎನ್ನುವುದು ಉತ್ತರವಲ್ಲ, 'ಈ ದಾರಿಯಲ್ಲಿ ಬರಬೇಡ' ಅನ್ನುವ ಫಲಕ. ಆದರೆ 9ರ ಅಕ್ಕಪಕ್ಕದಲ್ಲಿ ಏನು ನಡೆಯುತ್ತಿದೆ ಅಂತ ನೋಡಬಹುದು. ಅಂಶವನ್ನೂ ಛೇದವನ್ನೂ √ಕ್ಷ + 3ರಿಂದ ಗುಣಿಸಿ. ಛೇದದಲ್ಲಿ (√ಕ್ಷ − 3)(√ಕ್ಷ + 3), ಅಂದರೆ ಕ್ಷ − 9. ಮೇಲಿನ ಕ್ಷ − 9 ಜೊತೆ ಅದು ಹೊಡೆದುಹೋಗುತ್ತದೆ. ಉಳಿದದ್ದು √ಕ್ಷ + 3. ಹೊಡೆದುಹಾಕುವ ಕ್ಷಣದಲ್ಲಿ ನೀವು ಸದ್ದಿಲ್ಲದೆ ಒಂದು ಮಾತು ಕೊಟ್ಟಿರುತ್ತೀರಿ, ಕ್ಷ ಅನ್ನುವುದು 9 ಅಲ್ಲ ಎಂದು. ಆ ಮಾತನ್ನು ಮರೆತು ಮತ್ತೆ 9 ಇಟ್ಟರೆ 6 ಬರುತ್ತದೆ. ಕ್ಷ 9ಕ್ಕೆ ಹತ್ತಿರವಾದಷ್ಟೂ ಫ(ಕ್ಷ) 6ಕ್ಕೆ ಹತ್ತಿರವಾಗುತ್ತದೆ ಎಂಬುದು ನಿಜ. ಪುಸ್ತಕ 'ಮಿತಿ ಎಷ್ಟು' ಅಂತ ಕೇಳಿದ್ದರೆ 6 ಸರಿಯಾಗುತ್ತಿತ್ತು.

ಬೇರೆ ಕಡೆ ಯಾವ ತಕರಾರೂ ಇಲ್ಲ. ಫ(16) ಅಂದರೆ 7/1, 7. ಫ(25) ಅಂದರೆ 16/2, 8. ಎರಡನ್ನೂ √ಕ್ಷ + 3ರಲ್ಲಿ ಇಟ್ಟು ಪರೀಕ್ಷಿಸಿ. ನನಗೆ ಇಷ್ಟವಾದದ್ದು ಫ(10). ನೇರವಾಗಿ ಇಟ್ಟರೆ 1/(√10 − 3), ಅಂದರೆ 1ನ್ನು 0.16227766ರಿಂದ ಭಾಗಿಸಬೇಕು. ಉತ್ತರ 6.16227766. ದಶಮಾಂಶದ ಬಾಲ ಹಾಗೆಯೇ ಉಳಿದಿದೆ, ಮುಂದಿನ ಸೊನ್ನೆ ಮಾತ್ರ ಆರಾಗಿದೆ. ಕ್ಯಾಲ್ಕುಲೇಟರಿನ ಪರದೆಯಲ್ಲಿ ಇದನ್ನು ಮೊದಲ ಸಲ ಕಂಡ ಮಕ್ಕಳು ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. 1/(√10 − 3) ಅನ್ನುವುದು √10 + 3 ಆದ್ದರಿಂದ ಬಾಲ ಎರಡರಲ್ಲೂ √10ರದೇ.

ಪ್ರಶ್ನೆ: ಫ(ಕ್ಷ) = √(ಕ್ಷ² − 6ಕ್ಷ + 9) ಆದರೆ ಫ(1) ಕಂಡುಹಿಡಿಯಿರಿ ಎಂಬ ಲೆಕ್ಕ. ಒಳಗಿರುವುದು (ಕ್ಷ − 3)². ಆದ್ದರಿಂದ ಫ(ಕ್ಷ) = ಕ್ಷ − 3, ಫ(1) = −2. ಸರಿಯೇ?

ಉತ್ತರ: ಸರಿಯಲ್ಲ, ಆದರೆ ನಿಮ್ಮ ಜೊತೆ ನಾನೂ ಇದ್ದೇನೆ. ಪಾಠ ಮಾಡಲು ಶುರುಮಾಡಿದ ಹೊಸದರಲ್ಲಿ ಬೋರ್ಡಿನ ಮೇಲೆ ಇದನ್ನೇ ಬರೆದಿದ್ದೆ, ಬಹಳ ಧೈರ್ಯವಾಗಿ. ಕೊನೆಯ ಬೆಂಚಿನ ಹುಡುಗ ಎದ್ದು, ಒಳಗೆ 1 − 6 + 9, ಅಂದರೆ 4 ಇದೆ, √4 ಯಾವತ್ತಿನಿಂದ −2 ಆಯಿತು ಎಂದು ಕೇಳಿದ. ತರಗತಿ ನಗಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು. ನಾನು ಬೋರ್ಡ್ ಒರೆಸಿದೆ.

√ ಚಿಹ್ನೆ ಕೇಳುವುದು ಋಣವಲ್ಲದ ಮೂಲವನ್ನು ಮಾತ್ರ. ಕ್ಷ² = 9 ಎಂಬ ಸಮೀಕರಣಕ್ಕೆ ಎರಡು ಉತ್ತರ, 3 ಮತ್ತು −3. √9ಕ್ಕೆ ಒಂದೇ, 3. ಫಂಕ್ಷನ್ ಎಂದ ಮೇಲೆ ಒಂದು ಕ್ಷಗೆ ಒಂದೇ ಬೆಲೆ ಇರಬೇಕಲ್ಲ. ಹಾಗಾಗಿ ನಿಮ್ಮ ಫ(ಕ್ಷ) ಅನ್ನುವುದು |ಕ್ಷ − 3|, ಮಾಡ್ಯುಲಸ್. ಕ್ಷ 3ಕ್ಕಿಂತ ದೊಡ್ಡದಾದರೆ ಕ್ಷ − 3, ಚಿಕ್ಕದಾದರೆ 3 − ಕ್ಷ. ಫ(1) = 2.

ಪ್ರಶ್ನೆ: √ಕ್ಷ + 2ರಲ್ಲಿ ಕ್ಷ = 7 ಇಟ್ಟರೆ √9 ಅಂತ 3 ಬರಬೇಕೋ, √7 + 2 ಅಂತ 4.6458 ಬರಬೇಕೋ?

ಉತ್ತರ: ನೀವು ಬರೆದ ಹಾಗಾದರೆ 4.6458. 3 ಬೇಕಿದ್ದರೆ √(ಕ್ಷ + 2) ಅಂತ ಆವರಣ ಹಾಕಬೇಕು, ಅಥವಾ ಚಿಹ್ನೆಯ ಮೇಲಿನ ಗೆರೆಯನ್ನು 2ರವರೆಗೆ ಎಳೆಯಬೇಕು. √ ಚಿಹ್ನೆ 1525ರಲ್ಲಿ ಕ್ರಿಸ್ಟೋಫ್ ರುಡಾಲ್ಫ್ ಬರೆದ ಬೀಜಗಣಿತದ ಪುಸ್ತಕದಲ್ಲಿ ಅಚ್ಚಾದಾಗ ಅದಕ್ಕೆ ಮೇಲ್ಗೆರೆ ಇರಲಿಲ್ಲ. ಗೆರೆ ಸೇರಿಸಿದ್ದು ಡೆಕಾರ್ಟ್, 1637ರಲ್ಲಿ. ನೂರು ವರ್ಷ ಜನ ನಿಮ್ಮ ಹಾಗೆಯೇ ತಲೆ ಕೆರೆದುಕೊಂಡಿರಬೇಕು. ಇದೇ ಪತ್ರದ ತುದಿಯಲ್ಲಿ √(9 + 16)ನ್ನು 3 + 4 ಅಂತ ಬಿಡಿಸಿದ್ದೀರಿ. ಅದು √25, ಅಂದರೆ 5. 7 ಅಲ್ಲ. ಗುಣಾಕಾರವನ್ನು ವರ್ಗಮೂಲ ಬಿಡಿಸಿಕೊಡುತ್ತದೆ, ಸಂಕಲನವನ್ನು ಬಿಡಿಸುವುದಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಮೂರು ವರ್ಷ 'ಛೇದದಿಂದ ಮೂಲವನ್ನು ತೆಗೆ' ಅಂದರು. ಕಾಲೇಜಿಗೆ ಬಂದರೆ ಲೆಕ್ಚರರ್ √(ಕ್ಷ + ಹ) − √ಕ್ಷ ಎಂಬುದನ್ನು ಹ-ದಿಂದ ಭಾಗಿಸುವ ಲೆಕ್ಕದಲ್ಲಿ ಮೇಲಿದ್ದ ಮೂಲವನ್ನು ಕೆಳಗೆ ತಳ್ಳಿದರು! ಯಾರ ಮಾತು ಕೇಳಬೇಕು? ಇನ್ನೊಂದು ಅನುಮಾನ: ಫ(ಕ್ಷ) = √(ಕ್ಷ² + 1) − ಕ್ಷ ಆದಾಗ ಫ(1000) ಕೇಳಿದ್ದರು. ನನ್ನ ಸಣ್ಣ ಕ್ಯಾಲ್ಕುಲೇಟರ್ 0.0004 ಅನ್ನುತ್ತದೆ. ಉತ್ತರ ಸುಮಾರು 0.0005 ಅಂತೆ.

ಉತ್ತರ: ನಿಮ್ಮ ಎರಡನೇ ಅನುಮಾನದಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಪತ್ರ ಓದಿದ ಕೂಡಲೇ ನನ್ನ ಹಳೇ ಎಂಟಂಕಿ ಕ್ಯಾಲ್ಕುಲೇಟರನ್ನು ತೆಗೆದೆ. ಅದರ ಏಳನೇ ಗುಂಡಿ ಎರಡು ಸಲ ಒತ್ತಿದರೇ ಕೇಳುವುದು, ಈ ಲೆಕ್ಕಕ್ಕೆ ಪುಣ್ಯಕ್ಕೆ ಏಳು ಬೇಕಿಲ್ಲ.

1000ರ ವರ್ಗ, ಜೊತೆಗೆ 1: 1000001. ವರ್ಗಮೂಲದ ಗುಂಡಿ: 1000.0004. ನಿಜವಾದ ಬೆಲೆ 1000.000499999875. ಯಂತ್ರಕ್ಕೆ ಎಂಟು ಅಂಕೆಯ ಜಾಗ, ಉಳಿದದ್ದನ್ನು ಅದು ಕತ್ತರಿಸಿ ಎಸೆಯಿತು. ಇಲ್ಲಿಯವರೆಗೆ ನಷ್ಟ ಏನೂ ಇಲ್ಲ ಅನ್ನಬಹುದು, ಸಾವಿರದಲ್ಲಿ ಹತ್ತುಸಾವಿರದ ಒಂದು ಭಾಗ ಯಾರಿಗೆ ಬೇಕು? ಈಗ 1000 ಕಳೆಯಿರಿ. ಮೊದಲ ಏಳು ಅಂಕೆಗಳು ಎರಡೂ ಕಡೆ ಒಂದೇ, ಅವೆಲ್ಲ ಹೊಡೆದುಹೋದವು. ಉಳಿದದ್ದು ಎಂಟನೆಯದು, ಒಂಟಿ ನಾಲ್ಕು. ಅದೇ ಕತ್ತರಿ ಬಿದ್ದ ಜಾಗದ ಅಂಕೆ. 0.0005 ಇರಬೇಕಾದಲ್ಲಿ 0.0004, ಅಂದರೆ ಐದರಲ್ಲಿ ಒಂದು ಭಾಗ ತಪ್ಪು. ಯಂತ್ರ ಸುಳ್ಳು ಹೇಳಲಿಲ್ಲ, ಸರಿಯಾಗಿದ್ದ ಅಂಕೆಗಳನ್ನೆಲ್ಲ ನಾವೇ ಕಳೆದು ಬಿಸಾಕಿದೆವು.

ಈಗ ಸಂಯುಗ್ಮದ ದಾರಿ, ಅಂದರೆ ನಡುವಿನ ಚಿಹ್ನೆ ಬದಲಿಸಿದ ಜೋಡಿಯಿಂದ ಗುಣಿಸುವುದು. ಫ(ಕ್ಷ)ಗೆ ಛೇದ ಇಲ್ಲ ಅಂತೀರಾ? ಇದೆ, 1. ಮೇಲೂ ಕೆಳಗೂ √(ಕ್ಷ² + 1) + ಕ್ಷ-ದಿಂದ ಗುಣಿಸಿ. ಮೇಲೆ (ಕ್ಷ² + 1) − ಕ್ಷ², ಅಂದರೆ ಬರೀ 1. ಕೆಳಗೆ √(ಕ್ಷ² + 1) + ಕ್ಷ. ಮತ್ತೆ ಅದೇ ಕ್ಯಾಲ್ಕುಲೇಟರ್: 1000.0004 + 1000 = 2000.0004. ಇದರಿಂದ 1ನ್ನು ಭಾಗಿಸಿದರೆ ಪರದೆಯಲ್ಲಿ 0.0004999. ಅದೇ ಎಂಟಂಕಿ ಯಂತ್ರ, ಅದೇ ಕತ್ತರಿಸಿದ ಮೂಲ, ಉತ್ತರ ಮಾತ್ರ ನಂಬಬಹುದಾದದ್ದು. ಕೂಡಿಸುವಾಗ ಯಾವ ಅಂಕೆಯೂ ಹೊಡೆದುಹೋಗಲಿಲ್ಲ, ಅಷ್ಟೇ ಗುಟ್ಟು.

ಆದ್ದರಿಂದ ಮೂಲ ಮೇಲಿನ ಮನೆಯಲ್ಲಿದೆಯೋ ಕೆಳಗಿನ ಮನೆಯಲ್ಲಿದೆಯೋ ಅಂತ ಕೇಳಬೇಡಿ. ಹೆಚ್ಚುಕಡಿಮೆ ಸಮನಾದ ಎರಡರ ನಡುವೆ ಕಳೆಯುವ ಚಿಹ್ನೆ ಎಲ್ಲಿದೆ ಅಂತ ಕೇಳಿ. ಸಂಯುಗ್ಮ ಮಾಡುವ ನಿಜವಾದ ಕೆಲಸ ಆ ಕಳೆಯುವುದನ್ನು ಕೂಡುವುದನ್ನಾಗಿ ಮಾಡುವುದು. 1/(√3 − √2)ರಲ್ಲಿ ಅದು ಕೆಳಗಿದೆ, ಮೂಲಗಳನ್ನು ಮೇಲೆ ತಂದರೆ √3 + √2. ನಿಮ್ಮ ಲೆಕ್ಚರರ್ ಲೆಕ್ಕದಲ್ಲಿ ಅದು ಮೇಲಿದೆ, ಮೂಲಗಳನ್ನು ಕೆಳಗೆ ತಳ್ಳಿದರೆ 1/(√(ಕ್ಷ + ಹ) + √ಕ್ಷ). ಮೊದಲಿನ ರೂಪದಲ್ಲಿ ಹ ಸೊನ್ನೆಯಾದರೆ 0/0. ಈ ರೂಪದಲ್ಲಿ, ಕ್ಷ ಧನವಾಗಿದ್ದರೆ, 1/(2√ಕ್ಷ) ಸುಮ್ಮನೆ ಬಂದು ನಿಲ್ಲುತ್ತದೆ. ಕ್ಷ = 4, ಹ = 0.01 ಇಟ್ಟು ನೋಡಿ, 0.24984 ಬರುತ್ತದೆ. ಕಾಲುಭಾಗಕ್ಕೆ ಕೂದಲೆಳೆಯ ದೂರ.

ಶಾಲೆಯವರಿಗೆ ಬೇಸರವಾಗುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. 1/(√3 + √2) ಎಂಬುದನ್ನು ನಿಯಮದಂತೆ ಅಕರಣೀಕರಿಸಿದರೆ √3 − √2. ನೋಡಲು ಚೆಂದ. ಆದರೆ ಎರಡೇ ದಶಮಾಂಶ ಸ್ಥಾನ ಇಟ್ಟುಕೊಂಡು ಲೆಕ್ಕ ಹಾಕಿ: 1.73 − 1.41 = 0.32. ಅಕರಣೀಕರಿಸದೆ ಹಾಗೇ ಬಿಟ್ಟರೆ 1/3.14 = 0.3185. ನಿಜವಾದ ಬೆಲೆ 0.3178. ಕೊಳಕು ಅನ್ನಿಸಿಕೊಂಡ ರೂಪವೇ ಹತ್ತಿರ ಬಂತು. ಪರೀಕ್ಷೆಯಲ್ಲಿ √3 − √2 ಬರೆಯಿರಿ, ಅಂಕ ಬೇಕಲ್ಲ. ಬೆಲೆ ಬೇಕಾದಾಗ ಮೊದಲಿನದನ್ನೇ ಒತ್ತಿ.

ಪ್ರಶ್ನೆ: 1/(1 + √2 + √3) ಅಕರಣೀಕರಿಸುವುದು ಹೇಗೆ? ಸಂಯುಗ್ಮ ಯಾವುದು ಅಂತಲೇ ತಿಳಿಯುತ್ತಿಲ್ಲ. ಅಂದಹಾಗೆ ಈ 'ಕರಣಿ' ಅನ್ನುವ ಪದ ಎಲ್ಲಿಂದ ಬಂತು?

ಉತ್ತರ: ಎರಡು ಸಲ ಮಾಡಬೇಕು, ಮತ್ತು ಮೊದಲ ಸಲ ಯಾರ ಚಿಹ್ನೆ ಬದಲಿಸಬೇಕು ಎಂಬುದರಲ್ಲಿ ಸ್ವಲ್ಪ ಜಾಣತನ ಬೇಕು. 1 + 2 = 3 ಎಂಬುದನ್ನು ಗಮನಿಸಿ √3ರ ಚಿಹ್ನೆ ಬದಲಿಸಿ. (1 + √2 + √3)(1 + √2 − √3) ಅಂದರೆ (1 + √2)² − 3, ಅದು 3 + 2√2 − 3, ಅಂದರೆ 2√2 ಮಾತ್ರ. ಈಗ ಮೇಲೂ ಕೆಳಗೂ √2ರಿಂದ ಗುಣಿಸಿದರೆ (2 + √2 − √6)/4. ಬೆಲೆ 0.2412. √2ರ ಚಿಹ್ನೆಯನ್ನೇ ಬದಲಿಸಿದ್ದರೆ ಛೇದದಲ್ಲಿ 2 + 2√3 ಕೂತು ಇನ್ನೊಂದು ಸುತ್ತು ಹೆಚ್ಚು ಒದ್ದಾಡಬೇಕಿತ್ತು. ತಪ್ಪಲ್ಲ, ದೂರದ ದಾರಿ.

ಈ ಉಪಾಯ ನನ್ನದಲ್ಲ, 628ರದು. ಆ ವರ್ಷ ಬ್ರಹ್ಮಗುಪ್ತ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕರಣಿಗಳ (√2, √3ರಂತೆ ಪೂರ್ತಿ ಬಿಡಿಸಲಾಗದ ಮೂಲಗಳ) ಭಾಗಾಕಾರದ ನಿಯಮವೇ ಇದು: ಭಾಜಕದಲ್ಲಿ ಇಷ್ಟವಾದ ಒಂದು ಕರಣಿಯ ಚಿಹ್ನೆ ಬದಲಿಸಿ ಮೇಲೂ ಕೆಳಗೂ ಗುಣಿಸು, ಮತ್ತೆ ಮತ್ತೆ ಹಾಗೆ ಮಾಡು. 'ಇಷ್ಟವಾದ' ಎಂಬ ಮಾತಿನಲ್ಲೇ ಆ ಜಾಣತನಕ್ಕೆ ಜಾಗ ಬಿಟ್ಟಿದ್ದಾನೆ. 1150ರ ಭಾಸ್ಕರನ ಬೀಜಗಣಿತದಲ್ಲೂ ಇದೇ ವಿಧಾನ ಇದೆ. ಆತನಿಗೆ √ ಚಿಹ್ನೆ ಇರಲಿಲ್ಲ, ಕರಣಿಗೆ 'ಕ', ಸಾದಾ ಸಂಖ್ಯೆಗೆ ರೂಪ ಎಂಬ ಅರ್ಥದಲ್ಲಿ 'ರೂ'. ನಿಮ್ಮ ಛೇದವನ್ನು ಆತ 'ರೂ 1 ಕ 2 ಕ 3' ಎಂದು ಬರೆಯುತ್ತಿದ್ದ. ಋಣ ಸಂಖ್ಯೆಯ ತಲೆಯ ಮೇಲೊಂದು ಚುಕ್ಕಿ. ಎಷ್ಟು ಸಲೀಸು ನೋಡಿ, ಗೆರೆ ಎಲ್ಲಿಯವರೆಗೆ ಎಂಬ ಜಗಳವೇ ಇಲ್ಲ.

ಪದ ಇನ್ನೂ ಹಳೆಯದು. ಶುಲ್ಬಸೂತ್ರಗಳಲ್ಲಿ, ಅಂದರೆ ಯಜ್ಞವೇದಿಯ ಅಳತೆ ಹೇಳುವ ಹಳೇ ಗ್ರಂಥಗಳಲ್ಲಿ, ಹಗ್ಗ ಹಿಡಿದು ಚೌಕ ಎಳೆಯುವವರ ಮಾತು ಅದು. ಎರಡರಷ್ಟು ಕ್ಷೇತ್ರಫಲದ ಚೌಕವನ್ನು ಮಾಡಿಕೊಡುವ ಬಾಹು ದ್ವಿಕರಣಿ, ನಮ್ಮ √2. ಅದರ ಬೆಲೆಯನ್ನು 1 + 1/3 + 1/12 − 1/408 ಎಂದು ಕೊಟ್ಟಿದ್ದಾರೆ. ಕೂಡಿಸಿದರೆ 577/408, ಅಂದರೆ 1.4142157. ಐದು ದಶಮಾಂಶ ಸ್ಥಾನ ಸರಿ. ಇಂಗ್ಲಿಷಿನವರು ಕರಣಿಗೆ 'ಸರ್ಡ್' ಅನ್ನುತ್ತಾರೆ, ಅದರ ಲ್ಯಾಟಿನ್ ಮೂಲಕ್ಕೆ ಕಿವುಡು ಎಂದರ್ಥ. ನಮ್ಮ ಪದ ಕೆಲಸ ಮಾಡುವವಳು, ಅವರದು ಕಿವಿ ಕೇಳದವಳು. ನಾನು ಯಾರ ಪಕ್ಷ ಅಂತ ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಘನಮೂಲ ಇದ್ದರೆ? 1/(∛2 − 1) ಕೊಟ್ಟಿದ್ದಾರೆ, ∛2 + 1ರಿಂದ ಗುಣಿಸಿದರೆ ಏನೂ ಹೋಗುತ್ತಿಲ್ಲ.

ಉತ್ತರ: ಹೋಗುವುದಿಲ್ಲ. ಅ² − ಬ² ಇಲ್ಲಿ ಕೆಲಸಕ್ಕೆ ಬಾರದು, ಅ³ − ಬ³ ಬೇಕು. ∛4 + ∛2 + 1ರಿಂದ ಗುಣಿಸಿ. ಛೇದ 2 − 1, ಅಂದರೆ 1. ಉತ್ತರ ∛4 + ∛2 + 1, ಸುಮಾರು 3.8473.

ಕಳೆದ ಸಂಚಿಕೆಯ ಲೆಕ್ಕ: 1/(√1 + √2) + 1/(√2 + √3) + … + 1/(√99 + √100) ಎಷ್ಟು ಎಂದು ಕೇಳಿದ್ದೆ. ಪ್ರತಿ ಪದವನ್ನೂ ಅಕರಣೀಕರಿಸಿ: √2 − √1, √3 − √2, ಹೀಗೆ √100 − √99ವರೆಗೆ. ಒಂದರ ಬಾಲವನ್ನು ಮುಂದಿನದು ನುಂಗುತ್ತದೆ. ಉಳಿಯುವುದು √100 − √1, ಅಂದರೆ 9. ಮೇಲೆ ಕಳೆಯುವುದನ್ನು ಅಷ್ಟು ಬೈದು ಇಲ್ಲಿ ಬೇಕೆಂದೇ ಕಳೆಯುವ ರೂಪಕ್ಕೆ ತಂದಿರಲ್ಲ ಎನ್ನುವವರಿಗೆ: ಇಲ್ಲಿ √2ರಿಂದ √2ನ್ನೇ ಕಳೆಯುತ್ತಿದ್ದೇವೆ, ಅದರ ಕತ್ತರಿಸಿದ ತುಂಡನ್ನಲ್ಲ. ಸರಿಯುತ್ತರ ಕಳಿಸಿದವರು ಹಲವರು. ಒಬ್ಬರು ಮಾತ್ರ ತೊಂಬತ್ತೊಂಬತ್ತು ಪದಗಳನ್ನೂ ಒಂದೊಂದಾಗಿ ಕ್ಯಾಲ್ಕುಲೇಟರಿನಲ್ಲಿ ಕೂಡಿಸಿ, ಎರಡು ಪುಟ ತುಂಬಿಸಿ, 9ಕ್ಕೆ ಒಂದು ಕೂದಲು ಕಡಿಮೆ ಬಂದಿದೆ, ಎಲ್ಲಿ ತಪ್ಪಿದೆನೋ ತಿಳಿಯದು ಎಂದು ಬರೆದಿದ್ದಾರೆ. ಆ ಪುಟಗಳನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ನಲವತ್ತೊಂದನೇ ಸಾಲಿನವರೆಗೆ ಪರಿಶೀಲಿಸಿದ್ದೇನೆ, ಇನ್ನೂ ಒಂದೂ ತಪ್ಪು ಸಿಕ್ಕಿಲ್ಲ.